ಪೂಜೆಗೆ ಕೂತ ಟೆಲಿಫೋನು

ಧರ್ಮಣ್ಣನಿಗೆ ಟೆಲಿಫೋನಿನ ಕೆಲಸ ಸಿಕ್ಕಿದ್ದು ವಿದ್ಯೆಯಿಂದಲ್ಲ, ಗಂಟಲಿನಿಂದ. ಕುರ್ಲಾದ ಬೈಲ್ ಬಜಾರದ ಹಿಂದಿನ ಗಲ್ಲಿಯಲ್ಲಿ ಜಯಶ್ರೀ ಬಟನ್ ವರ್ಕ್ಸ್ ಎಂಬ ಗುಂಡಿ ಕಾರ್ಖಾನೆ. ಅದರ ಗೇಟಿನಲ್ಲಿ ನಿಂತು ಅವನು ಒಮ್ಮೆ ‘ರುಕ್ಮಿಣಿಬಾಯೀ’ ಎಂದು ಕೂಗಿದರೆ, ಹಿಂದಿನ ಶೆಡ್ಡಿನಲ್ಲಿ ಗುಂಡಿ ಆರಿಸುವ ರುಕ್ಮಿಣಿಬಾಯಿಯಷ್ಟೇ ಅಲ್ಲ, ಪಕ್ಕದ ಎರಡು ಚಾಳುಗಳ ರುಕ್ಮಿಣಿಬಾಯಿಯರೂ ಹೊರಗೆ ಬರುತ್ತಿದ್ದರು. ಹೀಗಾಗಿ ಎಪ್ಪತ್ಮೂರನೆಯ ಇಸವಿಯಲ್ಲಿ ಮಾಲೀಕರಾದ ರಮಾನಾಥರಾಯರು ಹರಾಜಿನಲ್ಲಿ ಒಂದು ಹಳೆಯ ಟೆಲಿಫೋನ್ ಬೋರ್ಡು ಹಿಡಿದು ತಂದಾಗ, ಅದರ ಮುಂದೆ ಯಾರನ್ನು ಕೂರಿಸುವುದೆಂದು ಹೆಚ್ಚು ಯೋಚಿಸಲಿಲ್ಲ.

“ನಿನಗೆ ವಯರ್ ಇಲ್ಲದಿದ್ರೂ ನಡೀತದೆ ಮಾರಾಯ. ಇದ್ರೆ ಇನ್ನೂ ಒಳ್ಳೇದು” ಎಂದರು.

ಬೋರ್ಡಿಗೆ ಹೊರಗಿನ ಲೈನು ಒಂದು, ಒಳಗಿನ ಫೋನು ಆರು. ಒಳಗೆ ಯಾರಾದರೂ ಫೋನೆತ್ತಿದರೆ ಬೋರ್ಡಿನ ಮೇಲೆ ಒಂದು ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಆಗ ಧರ್ಮಣ್ಣ ಒಂದು ವಯರನ್ನು ಎಳೆದು ಬೇಕಾದ ತೂತಿಗೆ ಚುಚ್ಚಬೇಕು. ಅವನು ಚುಚ್ಚದೆ ಒಳಗಿನ ಮಾತು ಹೊರಗೆ ಹೋಗದು, ಹೊರಗಿನದು ಒಳಗೆ ಬಾರದು. ಹನ್ನೊಂದು ವರ್ಷ ಗೇಟು ಕಾದವನಿಗೆ ಇದೂ ಒಂದು ಗೇಟೇ ಎನಿಸಿ ಬಹಳ ಸಂತೋಷವಾಯಿತು. ಮನೆಯಲ್ಲಿ ನೀರಿನ ತಂಬಿಗೆ ಎತ್ತಿದರೂ ಮೊದಲು ಕಿವಿಯ ಹತ್ತಿರ ಒಯ್ದು ಆಮೇಲೆ ಬಾಯಿಗೆ ತರುತ್ತಿದ್ದ.

ಆದರೆ ಕೆಲಸ ಟೆಂಪರರಿ. ಪರ್ಮನೆಂಟ್ ಆದರೆ ಕಾರ್ಖಾನೆಯ ಹಿಂದಿನ ಖಾಲಿ ಖೋಲಿ ಅವನಿಗೆ ಎಂದು ರಾಯರು ಹೇಳಿದ್ದರು. ಈಗ ಅವನೂ ಹೆಂಡತಿ ಸುಂದ್ರವ್ವನೂ ಇದ್ದದ್ದು ಅಣ್ಣನ ಖೋಲಿಯಲ್ಲಿ. ಹತ್ತಡಿಗೆ ಹತ್ತಡಿಯಲ್ಲಿ ಒಂಬತ್ತು ಮಂದಿ. ರಾತ್ರಿ ಒಬ್ಬರು ಮಗ್ಗುಲು ಬದಲಿಸಬೇಕಾದರೆ ಎಂಟು ಜನ ಒಪ್ಪಬೇಕು. ಸುಂದ್ರವ್ವನಿಗೆ ಬಂಗಾರ ಬೇಡ, ಸೀರೆ ಬೇಡ. ತನ್ನದೇ ಒಂದು ಬಾಗಿಲು ಬೇಕಿತ್ತು, ಒಳಗಿನಿಂದ ಚಿಲಕ ಹಾಕಿಕೊಳ್ಳುವುದಕ್ಕೆ.

ಆ ಚಿಲಕಕ್ಕೆ ಅಡ್ಡ ಬಂದವರು ವಿಮಾ ಕಂಪನಿಯ ಬಾಟ್ಲಿವಾಲಾ ಸಾಹೇಬರು.

ಪ್ಲಾಸ್ಟಿಕ್ ಗುಂಡಿ ಎಂದರೆ ಬೆಂಕಿಗೆ ಬಲು ಪ್ರೀತಿ. ಕಾರ್ಖಾನೆಯ ವಿಮೆ ಮುಂದುವರಿಸಬೇಕಾದರೆ ಟೆಲಿಫೋನಿನ ವ್ಯವಸ್ಥೆ ನೋಡಬೇಕೆಂದು ಮರುವರ್ಷದ ಭಾದ್ರಪದದಲ್ಲಿ ಅವರು ಬಂದರು. ಎತ್ತರದ ಬಿಳಿ ಪಾರ್ಸಿ, ಜೇಬಿನಲ್ಲಿ ಸರಪಳಿ ಗಡಿಯಾರ. ಯಾರಿಗೂ ಹೇಳದೆ ನೆಟ್ಟಗೆ ಹಿಂದಿನ ಶೆಡ್ಡಿಗೆ ಹೋಗಿ, ಅಲ್ಲಿನ ಫೋನೆತ್ತಿ, “ಜಲ್ದೀ! ಇಲ್ಲಿ ಬೆಂಕಿ ಬಿದ್ದಿದೆ, ಬಂಬ್ ಕರೀಬೇಕು, ಹೊರಗಿನ ಲೈನು ಕೊಡು” ಎಂದು ಹಿಂದಿಯಲ್ಲಿ ಕೂಗಿದರು. ಬೆಂಕಿಯ ಗಾಡಿಗೆ ಆ ಊರಿನಲ್ಲಿ ಬಂಬ್ ಎಂದೇ ಹೆಸರು.

ಧರ್ಮಣ್ಣ ಗೇಟಿನ ಗತ್ತಿನಲ್ಲೇ ಕೇಳಿದ. “ಹೊರಗಿನ ಲೈನಿಗಿ ರಾಯರ ಚೀಟಿ ಬೇಕ್ರಿ. ಚೀಟಿ ಅದ ಏನ್ರಿ?”

“ಚೀಟಿ? ಅರೆ, ಬೆಂಕಿ!”

“ಬೆಂಕಿ ಖರೇ ರೀ. ಖಾಸಗಿ ಬೆಂಕಿನೋ, ಕಂಪನಿ ಬೆಂಕಿನೋ? ಖಾಸಗಿ ಕಾಲ್ ಆದ್ರ ಊಟದ ಸುಟ್ಟಿಯಾಗ.”

ಸಾಹೇಬರು ಶೆಡ್ಡಿನಿಂದ ಬೋರ್ಡಿನವರೆಗೆ ನಡೆದು ಬಂದರು. ಮುಖ ಕೆಂಪಗಾಗಿತ್ತು. ಗಡಿಯಾರ ತೆರೆದು ರಾಯರಿಗೆ ತೋರಿಸಿದರು. ಅವರ ಹಿಂದಿಯನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ಈ ಮಹಾಶಯ ನನ್ನನ್ನು ವಿಚಾರಿಸುವಷ್ಟರಲ್ಲಿ ನಿಮ್ಮ ಅರ್ಧ ಕಾರ್ಖಾನೆ ಬೂದಿ.”

ಅಲ್ಲೇ ನಿಂತು ಷರತ್ತು ಬರೆಸಿದರು. ಯಾವ ಫೋನಿನಿಂದ ಯಾರೇ ಬೆಂಕಿ ಎಂದರೂ ಆಪರೇಟರ್ ಒಂದು ಮಾತೂ ಕೇಳದೆ ಹೊರಗಿನ ಲೈನು ಕೊಡಬೇಕು. ಕರೆದವರು ಒಂದು-ಸೊನ್ನೆ-ಒಂದು ತಿರುಗಿಸಿ, ಕಾರ್ಖಾನೆಯ ಹೆಸರು, ಗಲ್ಲಿ, ಯಾವ ಶೆಡ್ಡು ಎಲ್ಲ ಒಂದೇ ಉಸಿರಿನಲ್ಲಿ ಹೇಳಬೇಕು. ಹೊರಗಿನಿಂದ ಬಂದ ಗಂಟೆಯನ್ನು ಎಂದೂ, ಯಾವ ಕಾರಣಕ್ಕೂ, ಎತ್ತದೆ ಬಿಡಕೂಡದು.

“ದೀಪಾವಳಿಯೊಳಗೆ ಯಾವತ್ತಾದರೂ ನಾನೇ ಫೋನ್ ಮಾಡುತ್ತೇನೆ. ಗಂಟೆ ಹತ್ತು ಸಲ ಹೊಡೆಯುವುದರೊಳಗೆ ಎತ್ತದಿದ್ದರೆ ಒಳಗೆ ಎಲ್ಲರೂ ಸುಡುತ್ತಿದ್ದಾರೆ ಎಂದು ತಿಳಿದು, ಮಾಡಬೇಕಾದ್ದನ್ನು ಮಾಡುತ್ತೇನೆ.”

ಸಾಹೇಬರು ಹೋದ ಮೇಲೆ ರಾಯರು ಧರ್ಮಣ್ಣನ ಕಡೆ ತಿರುಗಿದರು. “ಕೇಳಿದಿಯಲ್ಲ? ರಿಪೋರ್ಟ್ ಸರಿ ಬಂದ್ರೆ ನೀನು ಪರ್ಮನೆಂಟ್, ಖೋಲಿ ಉಂಟು. ಇಲ್ಲದಿದ್ರೆ ದೀಪಾವಳಿಗೆ ವಾಪಸ್ ಗೇಟಿಗೆ.”

ಅಂದಿನಿಂದ ಧರ್ಮಣ್ಣ ಕಾರ್ಖಾನೆಗೆ ಕಲಿಸತೊಡಗಿದ. ದಿನಾ ಊಟದ ಬಿಡುವಿನಲ್ಲಿ ನಲವತ್ತು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದ ಹೇಳಿಸಿದ. “ಆಗ್ ಲಾಗಲೀ! ಜಯಶ್ರೀ ಬಟನ್ ವರ್ಕ್ಸ್, ಬೈಲ್ ಬಜಾರದ ಹಿಂದಿನ ಗಲ್ಲಿ, ಆರಿಸೋ ಶೆಡ್!” ಬೆಂಕಿ ಬಿತ್ತು ಎಂಬುದನ್ನು ಮರಾಠಿಯಲ್ಲೇ ಹೇಳಬೇಕೆಂದು ಅವನ ಅಭಿಪ್ರಾಯ, ಬಂಬಿನವರು ಮರಾಠಿಯವರು, ಅವರ ಮನಸ್ಸಿಗೆ ಬೇಗ ತಾಗುತ್ತದೆ. ಸೊಲ್ಲಾಪುರದ ರುಕ್ಮಿಣಿಬಾಯಿ ಮಾತ್ರ ದಿನಾ ತಕರಾರು ತೆಗೆಯುತ್ತಿದ್ದಳು. “ಏನ್ ಧರ್ಮಣ್ಣ, ಬಾಯಿ ತೆಗೆದ್ರ ಬೆಂಕಿ ಬೆಂಕಿ. ಒಂದಿನ ನಿಜವಾಗ್ಲೂ ಬಿತ್ತಂದ್ರ ನನಗ ಅನ್ನಬ್ಯಾಡ ಮತ್ತ.” ಸಂಜೆ ಮನೆಗೆ ಹೋದರೆ ಅಣ್ಣನ ಮಕ್ಕಳಿಗೂ ಅದೇ ಪಾಠ. ಒಂದು ರಾತ್ರಿ ನಿದ್ದೆಯಲ್ಲೇ ಅವನು ‘ಆಗ್ ಲಾಗಲೀ’ ಎಂದದ್ದಕ್ಕೆ ಪಕ್ಕದ ಖೋಲಿಯ ನೀಲಾಬಾಯಿ ಬಿಂದಿಗೆ ನೀರು ತಂದು ಬಾಗಿಲಲ್ಲಿ ಸುರಿದಿದ್ದಳು.

ಹೊರಗಿನ ಗಂಟೆಯನ್ನು ಅವನು ಈಗ ಎರಡನೆಯದಕ್ಕೇ ಎತ್ತುತ್ತಿದ್ದ. ಮೂತ್ರಕ್ಕೆ ಹೋದರೂ ಓಡಿ ಹೋಗಿ ಓಡಿ ಬರುತ್ತಿದ್ದ. ಹೀಗೆ ಎಲ್ಲವೂ ಸುರಳೀತವಾಗಿ ನಡೆದಿರುವಾಗ ಖಂಡೇನವಮಿ ಬಂತು.

ಖಂಡೇನವಮಿಯ ದಿನ ಕೈಗೆ ಅನ್ನ ಕೊಡುವ ಆಯುಧಗಳಿಗೆಲ್ಲ ಪೂಜೆ. ಪೂಜೆಗೆ ಕೂತ ಆಯುಧವನ್ನು ಮಾರನೆಯ ದಿನ ಏಳಿಸುವ ತನಕ ಮುಟ್ಟಕೂಡದು. ವಿಜಾಪುರದ ಕಡೆಯ ಧರ್ಮಣ್ಣನ ಮನೆತನದಲ್ಲಿ ಅಂದು ಕುಡುಗೋಲು ಕೂಡ ಹುಲ್ಲು ಕಂಡರೆ ಮುಖ ತಿರುಗಿಸುತ್ತಿತ್ತಂತೆ. ಗುಂಡಿ ಕೊರೆಯುವ ಯಂತ್ರಗಳಿಗೆ ರಾಯರೇ ಪೂಜೆ ಮಾಡಿದರು, ತಮ್ಮ ಪೆನ್ನನ್ನೂ ಲೆಕ್ಕದ ವಹಿಯನ್ನೂ ದೇವರ ಪಟದ ಮುಂದಿಟ್ಟು ಕುಂಕುಮ ಹಚ್ಚಿದರು, ಪೇಡೆ ಹಂಚಲು ಹೇಳಿ ಊಟಕ್ಕೆ ಸಯನ್‌ನ ಮನೆಗೆ ಹೋದರು. ಟೆಲಿಫೋನಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಹೇಳದೆ ಹೋದದ್ದೇ ತಪ್ಪಾಯಿತು.

“ಎಲ್ಲಾರ ಆಯುಧಕ್ಕೂ ಹೂವ. ನನ್ನ ಆಯುಧ ಏನ್ ಪಾಪ ಮಾಡ್ಯದ?” ಎಂದು ಧರ್ಮಣ್ಣ ಕೆಲಸಕ್ಕೆ ಇಳಿದ. ಬೋರ್ಡಿನ ಆರೂ ಮುಚ್ಚಳಗಳಿಗೆ ಆರು ಕುಂಕುಮದ ಬೊಟ್ಟು. ರಿಸೀವರಿಗೆ ಮೂರು ಬೆರಳಿನ ವಿಭೂತಿ. ವಯರುಗಳನ್ನೆಲ್ಲ ಒಟ್ಟುಗೂಡಿಸಿ ಅರಿಸಿನದ ದಾರ. ಮೇಲೆ ಮೊಳವಲ್ಲ, ಮಾರುದ್ದ ಚೆಂಡುಹೂವಿನ ಮಾಲೆ. ಕಡೆಗೆ ಎರಡು ಧೂಪಾರತಿಗಳಲ್ಲಿ ಕೆಂಡ ತುಂಬಿ, ಅರ್ಧ ಸೇರು ಲೋಬಾನ ಹಾಕಿದ. ಹೊಗೆ ಕಿಟಕಿಯಿಂದ ಗಲ್ಲಿಗೆ, ಗಲ್ಲಿಯಿಂದ ಆಕಾಶಕ್ಕೆ ಹೊರಟಿತು. ನಲವತ್ತು ಹೆಂಗಸರು ಕೆಮ್ಮುತ್ತ ಆರತಿ ಹಾಡಿದರು.

ಪೇಡೆ ಇನ್ನೂ ಬಾಯಲ್ಲಿತ್ತು, ಹೊರಗಿನ ಗಂಟೆ ಹೊಡೆಯಿತು.

ಧರ್ಮಣ್ಣನ ಕೈ ತಾನಾಗಿಯೇ ಮುಂದೆ ಹೋಯಿತು; ವಿಭೂತಿ ಕಂಡು ಹಿಂದೆ ಬಂತು.

“ಎರಡು” ಎಂದಳು ರುಕ್ಮಿಣಿಬಾಯಿ. “ಧರ್ಮಣ್ಣ, ಆ ಪಾರ್ಸಿ ಇದ್ದಾನು.”

“ಏ, ಇಲ್ಲ ತಗೋ. ದೊಡ್ಡ ಸಾಹೇಬ ಆತ. ಆತನ ಫೋನಿಗೂ ಇವತ್ತ ಪೂಜಿ ಆಗಿರ್ತದ. ಹ್ಯಾಂಗ ಮುಟ್ಟತಾನ?”

“ಪಾರ್ಸಿ ಮಂದಿಗಿ ಖಂಡೇನವಮಿ ಎಲ್ಲೈತೋ?”

ಇದು ಧರ್ಮಣ್ಣನಿಗೆ ಹೊಸ ವಿಚಾರ. ಅವನು ಆ ವಿಚಾರ ಮಾಡುವಷ್ಟರಲ್ಲಿ ಐದಾಯಿತು. ಒಬ್ಬಳು ಕೋಲಿನಿಂದ ಎತ್ತು ಎಂದಳು. ಇನ್ನೊಬ್ಬಳು ಸೆರಗಿನಿಂದ ಹಿಡಿದರೆ ಮುಟ್ಟಿದ ಹಾಗಲ್ಲ ಎಂದಳು. ಮತ್ತೊಬ್ಬಳು ಪೂಜೆ ಮಾಡದವರು ಯಾರಾದರೂ ಎತ್ತಲಿ ಎಂದಳು. “ಯಾರ ಮುಟ್ಟಿದ್ರೂ ಕುಂತ ದೇವರು ಎದ್ದಂಗಽ” ಎಂದು ಧರ್ಮಣ್ಣ ಬೋರ್ಡಿನ ಮುಂದೆ ಎರಡೂ ಕೈ ಚಾಚಿ ನಿಂತ. ಹಣೆಯ ಬೆವರು ಕುಂಕುಮದಲ್ಲಿ ಕಲೆತು ಮೂಗಿನ ಮೇಲೆ ಇಳಿಯುತ್ತಿತ್ತು. ಎಂಟು. ಒಂಬತ್ತು. ಹತ್ತು. ಹನ್ನೊಂದನೆಯದು ಅರ್ಧಕ್ಕೇ ನಿಂತಿತು.

“ನೋಡಿದ್ರಿ?” ಎಂದ ಧರ್ಮಣ್ಣ, ಉಸಿರು ಬಿಟ್ಟು. “ತಾನ ನಿಂತ್ವು. ಪೂಜಿ ಫಲ.”

ಐದು ನಿಮಿಷದ ನಂತರ ಮತ್ತೆ ಹೊಡೆಯಿತು. ಈ ಸಲ ಇಪ್ಪತ್ತಾರರ ತನಕ. ಅದು ಸಯನ್‌ನಿಂದ ರಾಯರು, ಪೇಡೆ ಎಲ್ಲರಿಗೂ ಮುಟ್ಟಿತೇ ಎಂದು ಕೇಳಲು. ಯಾರೂ ಎತ್ತದ್ದು ಕಂಡು ರಾಯರ ಮುಖ ಬಿಳಿಚಿತು. ಅವರ ಹೆಂಡತಿ ವಿನೋದಿನಿಯಮ್ಮ, “ನಲವತ್ತೊಂದು ಜನರಲ್ಲಿ ಒಬ್ರಿಗೂ ಕೈ ಇಲ್ವಾ? ಎಂತದೋ ಆಗಿದೆ, ಬೇಗ ಹೋಗಿ” ಎಂದು ಅವರನ್ನು ಎಲೆಯ ಮುಂದಿನಿಂದಲೇ ಎಬ್ಬಿಸಿ ಟ್ಯಾಕ್ಸಿ ಹತ್ತಿಸಿದರು.

ಅತ್ತ ಚಾಳಿನಲ್ಲಿ ಸುಂದ್ರವ್ವ ಹೋಳಿಗೆಯ ಕಣಕ ನಾದುತ್ತಿದ್ದಳು. ಗಣಗಣ ಗಂಟೆ ಬಾರಿಸುತ್ತ ಕೆಂಪು ಬಂಬ್ ಬೈಲ್ ಬಜಾರದ ಕಡೆ ಹೋಯಿತು. ಗ್ಯಾಲರಿಯಲ್ಲಿ ನಿಂತ ನೀಲಾಬಾಯಿ, “ಸುಂದ್ರಾ, ಬಟನ್ ಕಾರ್ಖಾನೆಯಿಂದ ಬಿಳಿ ಹೊಗೆ!” ಎಂದು ಎದೆ ಬಡಿದುಕೊಂಡಳು. ಸುಂದ್ರವ್ವ ಕಣಕದ ಕೈಯಲ್ಲೇ ಓಡಿದಳು. ಅವಳ ಹಿಂದೆ ನೀಲಾಬಾಯಿ, ನೀಲಾಬಾಯಿಯ ಹಿಂದೆ ಅರ್ಧ ಚಾಳು.

ಅವರು ಮುಟ್ಟುವಷ್ಟರಲ್ಲಿ ಬಂಬಿನವರು ಉದ್ದದ ಪೈಪು ಬಿಚ್ಚಿದ್ದರು. ಮುಖ್ಯಸ್ಥ ನಿಪ್ಪಾಣಿಯ ಕಡೆಯವನು. ಕನ್ನಡ ಮರಾಠಿ ಎರಡನ್ನೂ ಒಂದೇ ತಾಟಿನಲ್ಲಿ ಕಲಸಿ ಉಣ್ಣುವ ಮನುಷ್ಯ. ಗೇಟಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ಧರ್ಮಣ್ಣ ಬೋರ್ಡಿಗೆ ಬಂದಾಗಿನಿಂದ ಗೇಟಿಗೆ ಆಳಿರಲಿಲ್ಲ. ಒಳಗಿನಿಂದ ಕೆಮ್ಮು ಮಾತ್ರ ಕೇಳುತ್ತಿತ್ತು; ಆ ಕೆಮ್ಮಿನಲ್ಲಿ ಒಳಗಿನವರಿಗೆ ಹೊರಗಿನ ಗದ್ದಲ ಕೇಳುತ್ತಿರಲಿಲ್ಲ.

“ಒಳಗ ಯಾರ್ ಅದಾರ?” ಎಂದು ಅವನು ಗುಂಪಿಗೆ ಕೇಳಿದ.

“ನಮ್ಮವರು ಅದಾರ್ರೀ!” ಎಂದಳು ಸುಂದ್ರವ್ವ.

“ನಿಮ್ಮವರಂದ್ರ ಯಾರು? ಹೆಸರು ಹೇಳ ತಾಯಿ. ಕೂಗಿ ಕರೀಬೇಕು.”

ಸುಂದ್ರವ್ವ ಸೆರಗು ಬಾಯಿಗಿಟ್ಟುಕೊಂಡಳು. ಮದುವೆಯಾಗಿ ಒಂಬತ್ತು ವರ್ಷ, ಗಂಡನ ಹೆಸರನ್ನು ಒಮ್ಮೆಯೂ ಬರಿದೇ ಬಾಯಲ್ಲಿ ಆಡಿದವಳಲ್ಲ. ಬೆಂಕಿ ಬಿದ್ದ ಮಾತ್ರಕ್ಕೆ ರೀತಿ ಬಿಡಲಾದೀತೇ? ಗಂಡನ ಹೆಸರು ಹೇಳಲೇಬೇಕಾದರೆ ಪದ್ಯದಲ್ಲಿ ಪೋಣಿಸಿ ಒಡಪಾಗಿ ಹೇಳುವುದು ಅವರ ಕಡೆಯ ರೂಢಿ. ಚಾಳಿನ ಹೆಂಗಸರು ಸುತ್ತ ನೆರೆದರು. “ಒಡಪು ಹಾಕಿ ಹೇಳ, ಒಡಪು ಹಾಕು!” ಪೈಪು ಹಿಡಿದ ಆರು ಜನ ಬಂಬಿನವರು ಕಾದು ನಿಂತರು. ಸುಂದ್ರವ್ವ ಕಣ್ಣು ಮುಚ್ಚಿ, ಕೈ ಜೋಡಿಸಿ, ಒಂದೇ ರಾಗದಲ್ಲಿ ಹೇಳಿದಳು:

“ಕುರ್ಲಾದ ಗಲ್ಲ್ಯಾಗ ಬಂಬಿನ ಗಂಟಿ ಗಣಗಣ,
ಗುಂಡಿ ಕಾರ್ಖಾನ್ಯಾಗ ಕುಂತಾರ ನಮ್ಮ ಮನಿಯವರು ಧರ್ಮಣ್ಣ!”

“ವ್ಹಾ!” ಎಂದಿತು ಗುಂಪು. ಬಂಬಿನವನೊಬ್ಬ ಚಪ್ಪಾಳೆ ತಟ್ಟಿದ. ಮುಖ್ಯಸ್ಥ ಅವನನ್ನು ಗದರಿಸಿ, “ಧರ್ಮಣ್ಣಾ!” ಎಂದು ಕೂಗಿ ಗೇಟಿಗೆ ಹೆಗಲು ಕೊಟ್ಟ. ಅಗಳಿ ಮುರಿಯಿತು.

ಒಳಗೆ ಅವರು ಕಂಡದ್ದು ಸಾಲಾಗಿ ಕೂತು ಪೇಡೆ ತಿನ್ನುತ್ತಿದ್ದ ನಲವತ್ತು ಹೆಂಗಸರನ್ನು. ಅವರ ನಡುವೆ, ಹೊಗೆಯಲ್ಲಿ, ಮದುಮಗನ ಹಾಗೆ ಮಾಲೆ ಹಾಕಿಕೊಂಡ ಟೆಲಿಫೋನನ್ನು.

“ನೀರ ಹೊಡೀಬ್ಯಾಡ್ರಿ!” ಎಂದು ಧರ್ಮಣ್ಣ ಬೋರ್ಡನ್ನು ಅಡ್ಡಗಟ್ಟಿದ. “ಪೂಜಿಗಿ ಕುಂತದ!”

“ಬೆಂಕಿ ಎಲ್ಲೈತಿ?”

“ಧೂಪಾರತ್ಯಾಗ ಅದರಿ. ಅಷ್ಟ ಐತಿ.”

ಮುಖ್ಯಸ್ಥ ಟೋಪಿ ತೆಗೆದು ಬೆವರು ಒರೆಸಿಕೊಂಡ. ಅಷ್ಟರಲ್ಲಿ ಒಂದು ಟ್ಯಾಕ್ಸಿಯಿಂದ ರಾಯರು, ಒಂದು ಹಳೆಯ ಮೋಟಾರಿನಿಂದ ಬಾಟ್ಲಿವಾಲಾ ಸಾಹೇಬರು ಒಟ್ಟಿಗೇ ಇಳಿದರು. ರಾಯರ ಬೆರಳಿಗೆ ಇನ್ನೂ ಸಾರಿನ ಅನ್ನ ಅಂಟಿತ್ತು. ಸಾಹೇಬರು ಬೋರ್ಡನ್ನು ನೋಡಿದರು, ಮಾಲೆಯನ್ನು ನೋಡಿದರು, ಧರ್ಮಣ್ಣನನ್ನು ನೋಡಿ ನಿಧಾನವಾಗಿ ತಮ್ಮ ನೋಟುಪುಸ್ತಕ ತೆಗೆದರು.

“ಹನ್ನೊಂದು ಸಲ ಗಂಟೆ ಹೊಡೆಸಿದೆ. ಎತ್ತಲಿಲ್ಲ. ಯಾಕೆ?”

ಧರ್ಮಣ್ಣ ಕಾರಣ ಹೇಳಿದ. ರಾಯರು ಹಣೆ ಹಣೆ ಬಡಿದುಕೊಂಡರು. “ಎಂತ ಮಾಡಿ ಹಾಕಿದೆ ಮಾರಾಯ! ಯಂತ್ರ ನಿಂತ್ರೆ ಒಂದು ದಿನದ ಗುಂಡಿ ಹೋಗ್ತದೆ. ಇದು ನಿಂತ್ರೆ ಕಾರ್ಖಾನೆಯೇ ಹೋಗ್ತದಲ್ಲ!”

ಧರ್ಮಣ್ಣ ಕೊನೆಯ ಆಸರೆಯಾಗಿ ಬಂಬಿನ ಮುಖ್ಯಸ್ಥನ ಕಡೆ ತಿರುಗಿದ. “ನೀವಽ ಹೇಳ್ರಿ ಸಾಹೇಬ್ರ, ನಮ್ಮ ಕಡ್ಯಾವ್ರು ನೀವು. ಪೂಜಿ ಆದ ಆಯುಧ ಯಾರರ ಮುಟ್ಟತಾರೇನ್ರಿ?”

ಮುಖ್ಯಸ್ಥ ಗೇಟಿನ ಆಚೆ ಕೈ ತೋರಿಸಿದ. ಬಂಬಿನ ಮೂತಿಗೆ ಚೆಂಡುಹೂವಿನ ಮಾಲೆ ಇತ್ತು. ಗಾಲಿಗೆ ಕುಂಕುಮ, ಗಂಟೆಗೆ ಅರಿಸಿನ. “ಬೆಳಿಗ್ಗಿ ಏಳಕ್ಕ ಪೂಜಿ ಮಾಡೀವಿ. ನಿಂಬಿಹಣ್ಣ ಸುತ್ತೋ ಹೊತ್ತಿಗಿ ಮೊದಲನೇ ಕಾಲ್ ಬಂತು. ನಮ್ಮ ದೇವರಿಗಿ ಕೂಡೋ ಪುರಸೊತ್ತಿಲ್ಲಪಾ. ಹೂವ ಹಾಕ್ಕೊಂಡಽ ಓಡ್ತದ.”

ಧರ್ಮಣ್ಣ ಬಂಬನ್ನು ನೋಡಿದ, ತನ್ನ ಬೋರ್ಡನ್ನು ನೋಡಿದ. ಬಾಗಿಲಲ್ಲಿ ನಿಂತ ಸುಂದ್ರವ್ವನ ಮುಖವನ್ನು ಮಾತ್ರ ನೋಡಲಾರದೆ ಹೋದ. ಸಾಹೇಬರ ಪೆನ್ನು ಕಾಗದದ ಮೇಲೆ ಇಳಿಯುತ್ತಿತ್ತು.

“ಅದಿರ್ಲಿ” ಎಂದ ಮುಖ್ಯಸ್ಥ. “ಇಲ್ಲಿ ಬೆಂಕಿ ಇಲ್ಲ, ನಮ್ಮ ಗಾಡಿ ಖಾಲಿ ಅದ ಅಂತ ನಮ್ಮ ಬಂಬಿನ ಆಫೀಸಿಗಿ ತಿಳಿಸಬೇಕು. ನಾನು ಹೇಳೋತನಕ ಅವರು ನಮ್ಮನ್ನ ಇಲ್ಲೇ ಲೆಕ್ಕ ಹಿಡೀತಾರ. ಇನ್ನೊಂದು ಕಡೆ ಖರೇನ ಬೆಂಕಿ ಬಿದ್ರ ಕಷ್ಟ. ಎಲ್ಲೈತಿ ಇನ್ನೊಂದು ಫೋನ್?”

ಗಲ್ಲಿಯಲ್ಲಿ ಇನ್ನೊಂದು ಫೋನು ಇರಲಿಲ್ಲ. ಎಲ್ಲರೂ ಧರ್ಮಣ್ಣನನ್ನು ನೋಡಿದರು.

ಅವನು ಚಪ್ಪಲಿ ಬಿಟ್ಟು ಬಂದು, ಕೈಮುಗಿದು, “ಏಳಪಾ ನನ್ನಪ್ಪಾ, ಮಂದಿ ಜೀವದ ಮಾತು” ಎಂದು ಬೋರ್ಡಿಗೆ ಹೇಳಿದ. ಪೂಜೆಯನ್ನು ಏಳಿಸುವಾಗ ಉತ್ತರಕ್ಕೆ ಒಂದಿಷ್ಟು ಸರಿಸಬೇಕು. ಉತ್ತರ ಯಾವ ಕಡೆ ಎಂದು ರುಕ್ಮಿಣಿಬಾಯಿಗೂ ನೀಲಾಬಾಯಿಗೂ ಸಣ್ಣ ಜಗಳವಾಗಿ, ಕುರ್ಲಾ ಸ್ಟೇಷನ್ನಿನಿಂದ ಠಾಣೆ ಊರಿಗೆ ಲೋಕಲ್ ರೈಲು ಹೋಗುವ ದಿಕ್ಕೇ ಉತ್ತರ ಎಂದು ತೀರ್ಮಾನವಾಯಿತು. ಧರ್ಮಣ್ಣ ರಿಸೀವರನ್ನು ಆ ಕಡೆ ಎರಡು ಬೆರಳು ಸರಿಸಿದ. ದಾರ ಬಿಚ್ಚಿದ, ವಯರು ಚುಚ್ಚಿದ. ಒಂದು-ಸೊನ್ನೆ-ಒಂದು ಸರಿಯಾಗಿಯೇ ತಿರುಗಿಸಿದ. ಆ ಕಡೆಯಿಂದ ದನಿ ಬಂತು. ಬಂದದ್ದೇ ತಡ, ಎದೆ ಸೆಟೆಸಿ, ಗೇಟಿನ ಕಾಲದ ಗಂಟಲಿನಲ್ಲಿ ಹೇಳಿದ:

“ಆಗ್ ಲಾಗಲೀ! ಜಯಶ್ರೀ ಬಟನ್ ವರ್ಕ್ಸ್, ಬೈಲ್ ಬಜಾರದ ಹಿಂದಿನ ಗಲ್ಲಿ, ಆರಿಸೋ ಶೆಡ್!”

ರಿಸೀವರನ್ನು ಕಣ್ಣಿಗೊತ್ತಿಕೊಂಡು ಕೆಳಗಿಟ್ಟ. ಕೆಲಸ ಚೆಂದಾಗಿ ಆಯಿತೆಂಬ ತೃಪ್ತಿಯಿಂದ ಸುತ್ತ ನೋಡಿದ.

ರುಕ್ಮಿಣಿಬಾಯಿಯೇ ಕೇಳಿದಳು. “ಧರ್ಮಣ್ಣ, ಏನಂದಿ ನೀ?”

ಏನೆಂದೆನೆಂದು ಧರ್ಮಣ್ಣನಿಗೆ ಆಗ ಗೊತ್ತಾಯಿತು. ಮುಖ್ಯಸ್ಥ ಹಾರಿಬಂದು ರಿಸೀವರ್ ಎತ್ತಿಕೊಂಡ. ಆದರೆ ಅದೇ ಗಳಿಗೆಯಲ್ಲಿ ಸಯನ್‌ನಿಂದ ವಿನೋದಿನಿಯಮ್ಮನ ಫೋನು ಒಳಗೆ ಬಂದಿತ್ತು. “ಅವರು ಮುಟ್ಟಿದ್ರಾ? ಸಾರು ಅರ್ಧಕ್ಕೇ ಬಿಟ್ಟಿದ್ದಾರೆ... ನೀವು ಯಾರು? ಬಂಬಿನವರಾ? ಅಯ್ಯೋ, ಹಾಗಾದ್ರೆ ಅವರಿಗೆ ಏನಾಯ್ತು?” ಮುಖ್ಯಸ್ಥ ಅವರನ್ನು ಸಮಾಧಾನ ಮಾಡಿ, ರಾಯರು ಮಾತಾಡಿ, ಆ ಸಾರನ್ನು ಬಿಸಿ ಮಾಡಿಡಬೇಕೆಂದು ನಿರ್ಧಾರವಾಗಿ ಲೈನು ಖಾಲಿಯಾಗುವಷ್ಟರಲ್ಲಿ ಬೈಲ್ ಬಜಾರದ ತಿರುವಿನಲ್ಲಿ ಇನ್ನೊಂದು ಗಂಟೆ ಕೇಳಿತು. ಎರಡನೆಯ ಬಂಬ್, ಅದೂ ಹೂಮಾಲೆ ಹಾಕಿಕೊಂಡು, ಗಲ್ಲಿಯನ್ನು ಹೊಕ್ಕಿತು. ಜನ ಇಳಿದವರೇ ದಾರಿ ಕೇಳಲಿಲ್ಲ, ಅತ್ತಿತ್ತ ನೋಡಲಿಲ್ಲ. ಪೈಪು ಹಿಡಿದು ನೆಟ್ಟಗೆ ಆರಿಸುವ ಶೆಡ್ಡಿಗೇ ಓಡಿದರು.

ಟಿಕ್ಕೆಂದು ಗಡಿಯಾರ ಮುಚ್ಚಿದ ಸದ್ದಾಯಿತು. ಬಾಟ್ಲಿವಾಲಾ ಸಾಹೇಬರು.

“ಐದೂವರೆ ನಿಮಿಷ” ಎಂದರು. “ಹದಿನಾರು ವರ್ಷದಿಂದ ಕಾರ್ಖಾನೆ ನೋಡುತ್ತಿದ್ದೇನೆ. ಎಲ್ಲರೂ ಕಾಗದ ತೋರಿಸುತ್ತಾರೆ. ಫೋನ್ ಮಾಡಿ ಬಂಬನ್ನೇ ಬಾಗಿಲಿಗೆ ತಂದು ತೋರಿಸಿದವನು ಇವನೊಬ್ಬ.” ಬರೆದಿದ್ದ ಸಾಲನ್ನು ಹೊಡೆದು ಹಾಕಿದರು. “ಒಬ್ಬನೂ ದಾರಿ ತಪ್ಪಲಿಲ್ಲ. ಶೆಡ್ಡು ಕೂಡ ಸರಿ.”

“ಖರೇ ರೀ, ಆದ್ರ ನಾ ಏನಂತ ಬರೀಲಿ?” ಎಂದು ಮುಖ್ಯಸ್ಥ ತಲೆ ಕೆರೆದುಕೊಂಡ. “ಎರಡ ಗಾಡಿ, ಒಂದ ಬೆಂಕಿನೂ ಇಲ್ಲ.”

“ವಿಮೆಯವರ ಪರೀಕ್ಷೆ ಎಂದು ಬರಿ. ಕೆಳಗೆ ನಾನು ಸಹಿ ಹಾಕುತ್ತೇನೆ. ಮೊದಲನೆಯದನ್ನು ಕಳಿಸಿದವನು ನಾನೇ ಅಲ್ಲವೇ?” ಸಾಹೇಬರು ರಾಯರ ಕಡೆ ತಿರುಗಿದರು. “ಈ ಮನುಷ್ಯ ಬೋರ್ಡಿನಲ್ಲೇ ಇರಲಿ. ಪೂಜೆ ಮಾತ್ರ ಇನ್ನು ಮೇಲೆ ಬಂಬಿನವರ ಪದ್ಧತಿಯಲ್ಲಿ.”

ಎರಡೂ ಗಾಡಿಯವರಿಗೆ ಪೇಡೆ ಬಂತು. ಎರಡನೆಯ ಗಾಡಿಯವರು ತಮಗೂ ಒಡಪು ಕೇಳಿಸಬೇಕೆಂದು ಹಟ ಹಿಡಿದರು. ಸುಂದ್ರವ್ವ ನೀಲಾಬಾಯಿಯ ಬೆನ್ನಿಗೆ ಅಡಗಿದಳು. ಸಾರು ತಣ್ಣಗಾದ ಸಿಟ್ಟು ಇಳಿದು ರಾಯರೂ ನಕ್ಕರು. “ಆಯ್ತು. ಪರ್ಮನೆಂಟ್. ಖೋಲಿಯ ಕೀಲಿ ನಾಳೆ. ಕಾಗದ ಈಗ್ಲೇ ಬರೆದು ಕೊಡ್ತೇನೆ” ಎಂದು ಪೆನ್ನಿಗಾಗಿ ಜೇಬಿಗೆ ಕೈ ಹಾಕಿದರು. ಜೇಬು ಖಾಲಿ. ದೇವರ ಪಟದ ಮುಂದೆ, ಕುಂಕುಮ ಹಚ್ಚಿಕೊಂಡು, ವಹಿಯ ಮೇಲೆ ಪೆನ್ನು ಮಲಗಿತ್ತು. ರಾಯರು ಅತ್ತ ಎರಡು ಹೆಜ್ಜೆ ಇಟ್ಟರು.

“ಬ್ಯಾಡ್ರಿ ರಾಯರ!” ಎಂದು ಧರ್ಮಣ್ಣ ಅಡ್ಡ ಬಂದ. “ಪೆನ್ನಿಗಿ ಪೂಜಿ ಆಗೇದ. ಕಾಗದ ನಾಳೆ ಆದ್ರೂ ನಡೀತದ...”

“ಸುಮ್ಮನಿರ್ರೀ!” ಇದು ಸುಂದ್ರವ್ವ. ಒಂಬತ್ತು ವರ್ಷದಲ್ಲಿ ಮಂದಿಯ ಎದುರಿಗೆ ಗಂಡನ ಮೇಲೆ ಅವಳ ದನಿ ಎದ್ದದ್ದು ಅದೇ ಮೊದಲು. ಬಂಬಿನವರೂ ಒಂದು ಹೆಜ್ಜೆ ಹಿಂದೆ ಸರಿದರು. ಅವಳು ನೆಟ್ಟಗೆ ಬಾಟ್ಲಿವಾಲಾ ಸಾಹೇಬರ ಮುಂದೆ ಹೋಗಿ, ಕಣಕ ಒಣಗಿದ ಅಂಗೈ ಚಾಚಿದಳು. “ಸಾಹೇಬ, ಪೆನ್.”

ಸಾಹೇಬರು ಪೆನ್ನು ಕೊಟ್ಟರು. ಪೂಜೆ ಕಾಣದ ಆ ಪಾರ್ಸಿ ಪೆನ್ನಿನಲ್ಲಿ ರಾಯರು ನಾಲ್ಕು ಸಾಲು ಬರೆದು ಸಹಿ ಹಾಕಿದರು.

ಧರ್ಮಣ್ಣ ಎರಡೂ ಕೈಯಲ್ಲಿ ಕಾಗದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಸುತ್ತ ನೋಡಿದ. ಕುಂಕುಮದ ಬಟ್ಟಲು ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಅವನ ಬೆರಳು ಅತ್ತ ಹೊರಟದ್ದನ್ನು ಸುಂದ್ರವ್ವ ಕಂಡಳು. ಕಾಗದವನ್ನು ಕಸಿದು, ಮಡಿಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇದಕ್ಕೊಂದು ಹೂವ ಏರಿಸಬ್ಯಾಡ್ರಿ. ಆಮ್ಯಾಲ ನಾಳಿತನಕ ಮುಟ್ಟಬಾರದಂತೀರಿ” ಎಂದು ಹೇಳಿ, ನೀಲಾಬಾಯಿಯನ್ನು ಕರೆದುಕೊಂಡು, ಕಾರ್ಖಾನೆಯ ಹಿಂದಿನ ಖೋಲಿಯ ಬಾಗಿಲಿಗೆ ಚಿಲಕ ಒಳಗಿದೆಯೋ ಹೊರಗಿದೆಯೋ ನೋಡಲು ಹೋದಳು.